ಅಂಬಲಿಯ ಮುಸುರೆ

ಬಸವಕಲ್ಯಾಣಕ್ಕೆ ಬಸವಣ್ಣನ ಹೆಸರು ಸೇರುವ ಮೊದಲು ಅದು ಚಾಳುಕ್ಯರ ಕಲ್ಯಾಣ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ 1130ರ ಸುಮಾರಿಗೆ ಸಂಸ್ಕೃತದಲ್ಲಿ ಸಿದ್ಧವಾದ ‘ಮಾನಸೋಲ್ಲಾಸ’ ಊಟದ ಚರಿತ್ರೆ ಬರೆಯುವವರಿಗೆಲ್ಲ ಅಕ್ಷಯಪಾತ್ರೆಯಾಗಿದೆ. ಇಡ್ಲಿಯ ಪೂರ್ವಜ ಬೇಕೆ, ದೋಸೆಯ ಪೂರ್ವಜ ಬೇಕೆ, ಹೊಲದ ಇಲಿಯನ್ನು ಹುರಿಯುವ ಬಗೆ ಬೇಕೆ, ಎಲ್ಲವೂ ಅದರ ‘ಅನ್ನಭೋಗ’ದಲ್ಲಿದೆ. ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ‘ವ್ಯಂಜನ’ ಎಂಬ ಸಣ್ಣ ತಿಳಿ. ಅಕ್ಕಿ ತೊಳೆದ ನೀರು. ಅದಕ್ಕೆ ಹುಣಸೆಯ ಹುಳಿ, ಸ್ವಲ್ಪ ಮಜ್ಜಿಗೆ, ಸಕ್ಕರೆ, ಏಲಕ್ಕಿ ಪುಡಿ, ಹಸಿ ಶುಂಠಿಯ ರಸ. ಕೊನೆಗೆ ಇಂಗಿನ ಹೊಗೆ. ಅಕ್ಕಿ ತೊಳೆದ ನೀರು ಎಂದರೆ ನಮ್ಮ ಮನೆಗಳಲ್ಲಿ ಎಮ್ಮೆಯ ಪಾಲು. ಅದಕ್ಕೆ ಏಲಕ್ಕಿ ಬಿದ್ದ ಕೂಡಲೇ ಅರಸನ ಬಟ್ಟಲು ಸೇರುತ್ತದೆ, ಹೆಸರು ಪಡೆಯುತ್ತದೆ, ಶ್ಲೋಕವಾಗುತ್ತದೆ. ಬಡೋದೆಯ ಗಾಯಕವಾಡ ಮಾಲೆಯಲ್ಲಿ ಅಚ್ಚಾದ ಸಂಪುಟಗಳಲ್ಲಿ ಈಗಲೂ ಓದಬಹುದು.

ಅದೇ ಕಲ್ಯಾಣದಲ್ಲಿ ಒಂದು ತಲೆಮಾರು ಕಳೆಯುವಷ್ಟರಲ್ಲಿ ಊಟದ ಮಾತು ಪೂರ್ತಿ ಬೇರೆಯಾಯಿತು. ದಾಸೋಹ, ಪ್ರಸಾದ, ಕಾಯಕದ ಅಕ್ಕಿ. ಶರಣರ ಸಾಹಿತ್ಯದಲ್ಲಿ ಊಟ ಎಲ್ಲ ಕಡೆಯೂ ಇದೆ, ಅಡುಗೆಯ ವಿಧಾನ ಮಾತ್ರ ಎಲ್ಲಿಯೂ ಇಲ್ಲ. ಏನು ಉಂಡರು ಎಂಬುದಕ್ಕಿಂತ ಯಾರ ಮನೆಯಲ್ಲಿ ಉಂಡರು, ಯಾರ ಕೈಯಿಂದ ಉಂಡರು ಎಂಬುದೇ ಅಲ್ಲಿ ಮುಖ್ಯ. ಈ ಸಾಹಿತ್ಯದ ಅತ್ಯಂತ ಪ್ರಸಿದ್ಧ ಊಟ ಮಾದಾರ ಚೆನ್ನಯ್ಯನ ಅಂಬಲಿ. ಆ ಅಂಬಲಿಯನ್ನು ನಮ್ಮ ವಿಮರ್ಶೆ ಮತ್ತು ಪ್ರವಚನ ಎರಡೂ ತುಂಬ ಒಣಗಿಸಿಬಿಟ್ಟಿವೆ ಎಂಬುದು ನನ್ನ ತಕರಾರು.

ಮೊದಲು ಒಲೆಯ ಮಾತು. ಹುಮನಾಬಾದ್, ಬಸವಕಲ್ಯಾಣದ ಕಡೆ ಅಂಬಲಿ ಎಂದರೆ ಜೋಳದ್ದು. ಒಂದು ಬಟ್ಟಲು ಜೋಳದ ಹಿಟ್ಟನ್ನು ಎರಡು ಬಟ್ಟಲು ನೀರಿನಲ್ಲಿ ಕಲಸಿ, ಒಂದು ಚಮಚ ಹುಳಿಮಜ್ಜಿಗೆ ಬಿಟ್ಟು, ರಾತ್ರಿಯಿಡೀ ಮುಚ್ಚಿಡಬೇಕು. ಬೆಳಿಗ್ಗೆ ಮೂಗಿಗೆ ಹುಳಿ ವಾಸನೆ ಬರುತ್ತದೆ. ಐದು ಬಟ್ಟಲು ನೀರಿಗೆ ಉಪ್ಪು ಹಾಕಿ ಕುದಿಸಿ, ಈ ಹಿಟ್ಟನ್ನು ಸಣ್ಣಗೆ ಸುರಿಯುತ್ತ, ಗಂಟಾಗದಂತೆ ಕೈ ಬಿಡದೆ ಹತ್ತು ಹನ್ನೆರಡು ನಿಮಿಷ ತಿರುವಬೇಕು. ಆರಿದ ಮೇಲೆ ಮಜ್ಜಿಗೆ, ಜಜ್ಜಿದ ಬಳ್ಳೊಳ್ಳಿ, ಜೀರಗಿ, ಕೊತ್ತಂಬರಿ. ಮಣ್ಣಿನ ಗಡಿಗೆಯಲ್ಲಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಇನ್ನಷ್ಟು ಹುಳಿಯಾಗಿ, ಬಿಸಿಲಲ್ಲಿ ದುಡಿದು ಬಂದವರಿಗೆ ತಂಪಾಗುತ್ತದೆ. ಒಂದು ಬಟ್ಟಲು ಹಿಟ್ಟು ನಾಲ್ಕೈದು ಜನರ ಹೊಟ್ಟೆ ತುಂಬಿಸುತ್ತದೆ. ಇನ್ನೊಬ್ಬರು ಬಂದರೆ ಒಂದು ತಂಬಿಗೆ ನೀರು, ಒಂದು ಚಿಟಿಕೆ ಉಪ್ಪು. ಮರಾಠಿಯವರಿಗೆ ಇದು ಆಂಬೀಲ, ತೆಲುಗಿನವರಿಗೆ ಅಂಬಲಿಯೇ. ಬೀದರ್ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಭಾಷೆ ಬದಲಾದರೂ ಗಡಿಗೆ ಬದಲಾಗುವುದಿಲ್ಲ.

ಕನ್ನಡದಲ್ಲಿ ಅಡುಗೆಯ ಶಾಸ್ತ್ರ ಬರೆದವರಿಗೇನೂ ಕೊರತೆಯಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರದ ಭಾಗವಿದೆ, ಹದಿನಾರನೆಯ ಶತಮಾನದ ಮೂರನೆಯ ಮಂಗರಸ ಷಟ್ಪದಿಯಲ್ಲಿ ಇಡೀ ‘ಸೂಪಶಾಸ್ತ್ರ’ವನ್ನೇ ಬರೆದ. ಬರೆಯುವವರ ಕಣ್ಣು ಯಾವ ಕಡೆ ಇರುತ್ತಿತ್ತು ಎಂಬುದಕ್ಕೆ ಹುಮನಾಬಾದಿನ ಹತ್ತಿರದ ಜಲಸಂಗಿಯ ಚಾಳುಕ್ಯ ಗುಡಿಗೆ ಹೋಗಬೇಕು. ಅಲ್ಲಿನ ಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬರೆಯುತ್ತ ನಿಂತಿದ್ದಾಳೆ. ಹೆಣ್ಣಿನ ಕೈಯಲ್ಲಿ ಬರವಣಿಗೆ ನೋಡಿ ಖುಷಿಪಟ್ಟು ಹತ್ತಿರ ಹೋದರೆ, ಆಕೆ ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನ ಹೊಗಳಿಕೆ!

ಈಗ ಸ್ವಲ್ಪ ದೂರ ಹೋಗಿಬರೋಣ. ಯುರೋಪಿನ ‘ರೈತ ಸೂಪು’ಗಳನ್ನು ಮನೆಯಲ್ಲೇ ಮಾಡಿ ಎಂದು ಕಲಿಸುವ ಪುಸ್ತಕಗಳಿಗೆ, ವಿಡಿಯೋಗಳಿಗೆ ಈಗ ಲೆಕ್ಕವಿಲ್ಲ. ಬಾಡಿಗೆ ಕೋಣೆಯಲ್ಲಿ ಒಂದೇ ಪಾತ್ರೆ, ಒಂದೇ ಬರ್ನರ್ ಇರುವ ಸಂಶೋಧನ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಶಾಸ್ತ್ರವಿಲ್ಲ ಎಂದು ನಾನೂ ಎರಡು ಮೂರನ್ನು ಮಾಡಿ ನೋಡಿದ್ದೇನೆ. ಇಟಲಿಯ ಟಸ್ಕನಿಯ ರಿಬೊಲ್ಲಿತಾ ಎಂದರೆ ‘ಮತ್ತೆ ಕುದಿಸಿದ್ದು’ ಎಂದೇ ಅರ್ಥ. ನಿನ್ನೆ ಉಳಿದ ಕಾಳು ತರಕಾರಿಯ ಸಾರಿಗೆ ಒಣಗಿದ ಬ್ರೆಡ್ಡು ಮುರಿದು ಹಾಕಿ ಇವತ್ತು ಮತ್ತೆ ಕಾಯಿಸುವುದು. ಬಿಳಿ ಬೀನ್ಸಿನ ಬದಲು ಅಲಸಂದಿ, ಅವರ ಸೊಪ್ಪಿನ ಬದಲು ರಾಜಗಿರಿ, ಬ್ರೆಡ್ಡಿನ ಬದಲು ಊರಿಂದ ತಂದ ಖಡಕ್ ರೊಟ್ಟಿ ಹಾಕಿದರೆ ಚೆನ್ನಾಗಿಯೇ ಆಗುತ್ತದೆ. ಒಣ ರೊಟ್ಟಿ ಸಾರಿನಲ್ಲಿ ನೆನೆದು ಮೆತ್ತಗಾಗುವ ಆ ಹದ ನಮಗೆ ಹೊಸದಲ್ಲವಲ್ಲ. ಪೋಲೆಂಡಿನ ಝುರೆಕ್ ಇನ್ನೂ ಹತ್ತಿರದ ನೆಂಟ. ರೈ ಹಿಟ್ಟನ್ನು ನೀರು, ಬೆಳ್ಳುಳ್ಳಿಯ ಜೊತೆ ಗಾಜಿನ ಭರಣಿಯಲ್ಲಿ ನಾಲ್ಕೈದು ದಿನ ಹುಳಿಯಲು ಬಿಟ್ಟು, ಆ ಹುಳಿಯಿಂದ ಸೂಪು ಕಾಯಿಸುತ್ತಾರೆ. ಹಿಟ್ಟು, ನೀರು, ಹುಳಿ, ಬೆಳ್ಳುಳ್ಳಿ. ಸಾಸೇಜು, ಮೊಟ್ಟೆ ಬೀಳುವ ಮೊದಲು ಅದು ನಮ್ಮ ಅಂಬಲಿಯೇ, ಚಳಿಗೆ ಬಿಸಿಯಾಗಿ ಕುಡಿಯುವ ಅಂಬಲಿ.

ಇಲ್ಲಿಗೆ ನಿಲ್ಲಿಸಿದರೆ ‘ಜಗತ್ತಿನ ಬಡವರೆಲ್ಲ ಒಂದೇ ಗಡಿಗೆಯಲ್ಲಿ ಉಂಡರು’ ಎಂಬ ಸುಂದರ ವಾಕ್ಯ ಸಿಗುತ್ತದೆ. ಆ ವಾಕ್ಯದ ಮೇಲೆ ನನಗೆ ನಂಬಿಕೆಯಿಲ್ಲ. ಯುರೋಪಿನ ಅನೇಕ ಭಾಷೆಗಳಲ್ಲಿ ‘ಕಲ್ಲಿನ ಸೂಪು’ ಎಂಬ ಜನಪದ ಕಥೆಯಿದೆ. ಹಸಿದ ದಾರಿಹೋಕನೊಬ್ಬ ಊರಿಗೆ ಬರುತ್ತಾನೆ. ಯಾರೂ ಏನೂ ಕೊಡುವುದಿಲ್ಲ. ಪಾತ್ರೆಯಲ್ಲಿ ನೀರಿಟ್ಟು ಒಂದು ಕಲ್ಲು ಹಾಕಿ, ಕಲ್ಲಿನ ಸೂಪು ಮಾಡುತ್ತೇನೆ, ಒಂದು ಗಜ್ಜರಿ ಇದ್ದಿದ್ದರೆ ರುಚಿಯಾಗುತ್ತಿತ್ತು ಎನ್ನುತ್ತಾನೆ. ಒಬ್ಬೊಬ್ಬರೂ ಒಂದೊಂದು ತಂದು ಹಾಕುತ್ತಾರೆ. ಕೊನೆಗೆ ಊರೆಲ್ಲ ಕುಳಿತು ಉಣ್ಣುತ್ತದೆ. ಕಥೆಯ ತೊಡಕು ಜಿಪುಣತನ. ಅದು ಕರಗಿದರೆ ಸೂಪು ಕುದಿಯುತ್ತದೆ. ಇದನ್ನೇ ನಮ್ಮ ಊರಿಗೆ ತಂದು ನೋಡಿ. ಗಜ್ಜರಿಯವರೆಗೆ ಕಥೆ ಹೋಗುವುದೇ ಇಲ್ಲ. ಪಾತ್ರೆ ಯಾರದು? ನೀರು ಯಾವ ಬಾವಿಯದು? ದಾರಿಹೋಕ ಯಾರ ಪೈಕಿ? ಗಜ್ಜರಿ ಕೊಡಲು ಯಾರ ಅಡ್ಡಿಯೂ ಇಲ್ಲ, ಧಾರಾಳವಾಗಿ ಕೊಟ್ಟಾರು. ಕುದಿದ ಮೇಲೆ ಕುಡಿಯುವವರು ಯಾರು ಎಂಬುದೇ ಪ್ರಶ್ನೆ.

ಈ ವ್ಯತ್ಯಾಸಕ್ಕೆ ಕನ್ನಡದಲ್ಲಿ ಒಂದು ಖಚಿತವಾದ ಪದವಿದೆ: ಮುಸುರೆ. ಮಡಿಯ ಮನೆಗಳ ಲೆಕ್ಕದಲ್ಲಿ ನೀರು ಸೇರಿ ಬೆಂದದ್ದು ಮುಸುರೆ. ಹಣ್ಣು ಮುಸುರೆಯಲ್ಲ, ಹಾಲು ಮುಸುರೆಯಲ್ಲ, ಅವಲಕ್ಕಿ ಮುಸುರೆಯಲ್ಲ. ಉಪವಾಸದ ದಿನ ಅವಲಕ್ಕಿ ಫಲಾಹಾರವಾಗುವುದು ಇದೇ ಕಾರಣಕ್ಕೆ. ಧಾನ್ಯವನ್ನು ಯಾರ ಕೈಯಿಂದಲಾದರೂ ಅಳೆಸಿಕೊಳ್ಳಬಹುದು. ಅದಕ್ಕೆ ನೀರು ತಾಗಿ ಬೆಂದ ಮೇಲೆ ಅದು ಬೇಯಿಸಿದವರ ಜಾತಿಯನ್ನು ಹೊತ್ತುಕೊಳ್ಳುತ್ತದೆ. ಈಗ ಅಂಬಲಿಯನ್ನು ಈ ಲೆಕ್ಕಕ್ಕೆ ಹಿಡಿಯಿರಿ. ಹಿಟ್ಟಿಗಿಂತ ನೀರೇ ಹೆಚ್ಚು. ಆ ಮನೆಯ ನೀರು, ಆ ಮನೆಯ ಗಡಿಗೆ, ಆ ಮನೆಯ ರಾತ್ರಿಯ ಗಾಳಿಯಲ್ಲಿ ಹುಳಿತದ್ದು. ಹಿಂದಿನ ದಿನದ ಹುಳಿಯೇ ಇಂದಿನದಕ್ಕೆ ಹೆಪ್ಪು ಎಂದರೆ ಅದು ಒಂದು ಮನೆಯ ವಂಶವೇ ಸರಿ. ಮುಸುರೆಗಳಲ್ಲೆಲ್ಲ ಕಟ್ಟಾ ಮುಸುರೆ.

ಚೆನ್ನಯ್ಯನ ಕಥೆ ಎಲ್ಲರಿಗೂ ಗೊತ್ತಿರುವುದೇ. ಹರಿಹರನ ರಗಳೆಯಿಂದ ಬಸವಪುರಾಣಗಳ ಮೂಲಕ ಇಂದಿನ ಪ್ರವಚನಗಳವರೆಗೆ ಹರಿದುಬಂದ ಅದರ ತಿರುಳು ಇಷ್ಟು: ಕರಿಕಾಲ ಚೋಳ ದಿನವೂ ಶಿವನಿಗೆ ಭಕ್ಷ್ಯಭೋಜ್ಯಗಳ ನೈವೇದ್ಯ ಇಡುತ್ತಾನೆ. ಒಂದು ದಿನ ಶಿವ ಮುಟ್ಟುವುದಿಲ್ಲ. ಕಂಗೆಟ್ಟ ಅರಸ ಕೇಳಿದರೆ, ಇವತ್ತು ಮಾದಾರ ಚೆನ್ನಯ್ಯನ ಮನೆಯ ಅಂಬಲಿ ಉಂಡು ಹೊಟ್ಟೆ ತುಂಬಿದೆ ಎಂಬ ಉತ್ತರ ಬರುತ್ತದೆ. ಇದನ್ನು ನಮ್ಮ ಪಾಠಗಳಲ್ಲಿ, ಭಾಷಣಗಳಲ್ಲಿ, ಎಷ್ಟೋ ವಿಮರ್ಶೆಯ ಬರಹಗಳಲ್ಲಿಯೂ ಒಂದು ಸಾಲಿನಲ್ಲಿ ಕೂರಿಸುವುದು ರೂಢಿ: ಸುದಾಮನ ಅವಲಕ್ಕಿ, ಶಬರಿಯ ಬೋರೆಹಣ್ಣು, ವಿದುರನ ಮನೆಯ ಹಾಲು, ಚೆನ್ನಯ್ಯನ ಅಂಬಲಿ. ನಾಲ್ಕೂ ಬಡವರ ಕಾಣಿಕೆ, ದೇವರಿಗೆ ಬೇಕಾದದ್ದು ಭಾವ, ಪದಾರ್ಥವಲ್ಲ. ಮುಗಿಯಿತು.

ಈ ಸಾಲನ್ನು ಮುಸುರೆಯ ಕಣ್ಣಿನಿಂದ ನೋಡಿದರೆ ಅದು ಅಲ್ಲಿಯೇ ಮುರಿದುಬೀಳುತ್ತದೆ. ಸುದಾಮ ಬಡವ ನಿಜ, ಆದರೆ ಬ್ರಾಹ್ಮಣ; ಅವನು ತಂದದ್ದು ಅವಲಕ್ಕಿ. ಶಬರಿ ಕೊಟ್ಟದ್ದು ಕಾಡಿನ ಹಣ್ಣು. ಅದು ಎಂಜಲೆಂದು ಕಥೆ ಬೆಳೆದಿದೆ, ಅಲ್ಲಿ ಒಂದು ಗೆರೆ ದಾಟಿದೆ, ಒಪ್ಪುತ್ತೇನೆ. ಆದರೂ ಅವಳ ಒಲೆಯನ್ನು ರಾಮ ಕಾಣಲಿಲ್ಲ. ದಾಸಿಯ ಮಗ ವಿದುರನ ಮನೆಯಲ್ಲಿ ಕೃಷ್ಣನಿಗೆ ಸಿಕ್ಕಿದ್ದು ಹಾಲು. ಮೂರೂ ಕಥೆಗಳು ಬಹಳ ಜಾಣತನದಿಂದ ಮುಸುರೆಯನ್ನು ತಪ್ಪಿಸಿ ದಾಟಿಕೊಂಡಿವೆ. ಚೆನ್ನಯ್ಯನ ಕಥೆಯೊಂದೇ ನೇರವಾಗಿ ಗಡಿಗೆಗೆ ಕೈಹಾಕುತ್ತದೆ. ಚರ್ಮದ ಕೆಲಸದವನ ಮನೆಯ ನೀರಿನಲ್ಲಿ ಬೆಂದ, ಹುಳಿತ, ಒದ್ದೆಯಾದ ಊಟವನ್ನು ಅರಸನ ನೈವೇದ್ಯದ ಎದುರಿಗೆ ಇಡುತ್ತದೆ. ಕಥೆ ಕಟ್ಟಿದವರಿಗೆ ಬಡತನವನ್ನಷ್ಟೇ ಹೇಳಬೇಕಾಗಿದ್ದರೆ ಒಂದು ಹಿಡಿ ಜೋಳ ಸಾಕಿತ್ತು, ಒಂದು ಹಣ್ಣು ಸಾಕಿತ್ತು. ಅವರು ಅಂಬಲಿಯನ್ನೇ ಆರಿಸಿಕೊಂಡರು. ‘ಸರಳ ಭಕ್ತಿಯ ಸಂಕೇತ’ ಎಂದು ಬರೆದ ಕೂಡಲೇ ಈ ಆಯ್ಕೆ ಕಣ್ಮರೆಯಾಗುತ್ತದೆ. ಅಂಬಲಿ ಅವಲಕ್ಕಿಯಾಗಿಬಿಡುತ್ತದೆ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ಪಕ್ಕದಲ್ಲಿಟ್ಟರೆ ಇದು ಇನ್ನಷ್ಟು ಸ್ಪಷ್ಟ. ಅಲ್ಲಿ ಭತ್ತ ಮತ್ತು ನರೆದಲಗ, ಅಂದರೆ ರಾಗಿ, ಯಾರು ದೊಡ್ಡವರೆಂದು ರಾಮನ ಸಭೆಯಲ್ಲಿ ಜಗಳಕ್ಕೆ ನಿಲ್ಲುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕುಂದುತ್ತದೆ, ರಾಗಿ ಹಾಗೆಯೇ ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನೇ ಪಡೆಯುತ್ತದೆ. ಜಾತಿಯ ಅಹಂಕಾರಕ್ಕೆ ಕನ್ನಡ ಕಾವ್ಯ ಕೊಟ್ಟ ಬಲವಾದ ಪೆಟ್ಟುಗಳಲ್ಲಿ ಅದೂ ಒಂದು. ಆದರೆ ಗಮನಿಸಿ, ಆ ಪರೀಕ್ಷೆ ನಡೆಯುವುದು ಒಣ ಕಾಳಿನ ಮೇಲೆ. ರಾಗಿಯ ಗುಣ ಕೆಡದಿರುವುದು. ಅಂಬಲಿಯ ಗುಣವೇ ಹುಳಿಯುವುದು. ಕನಕರು ಧಾನ್ಯದ ಹುಟ್ಟಿನ ಪ್ರಶ್ನೆಯನ್ನು ಗೆಲ್ಲಿಸಿದರು. ಬೆಂದ ಮೇಲೆ ಯಾರು ಮುಟ್ಟಬಹುದು ಎಂಬುದು ಆ ಸೆರೆಮನೆಯ ಬಾಗಿಲಾಚೆ ಉಳಿಯಿತು. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದಲ್ಲಿ ಈ ಕಾವ್ಯದ ಹೆಸರು ಹೇಳುವುದು ಭಾಷಣಕಾರರಿಗೆಲ್ಲ ಸುಲಭವಾಯಿತು. ಚೆನ್ನಯ್ಯನ ಅಂಬಲಿಯನ್ನು ಹಾಗೆ ಪೊಟ್ಟಣದಲ್ಲಿ ಕಟ್ಟಿ ಮಾರಲು ಬರುವುದಿಲ್ಲ. ಈಗ ಅಂಬಲಿ ಪುಡಿಯೂ ಪೊಟ್ಟಣದಲ್ಲಿ ಸಿಗುತ್ತದಲ್ಲ ಎನ್ನಬಹುದು. ಸಿಗುವುದು ಪುಡಿ, ಒಣಗಿದ್ದು.

ಕಥೆಯ ಇನ್ನೊಂದು ಅಂಶವನ್ನೂ ನಾವು ಅವಸರದಲ್ಲಿ ದಾಟಿದ್ದೇವೆ. ಚೆನ್ನಯ್ಯ ಗುಪ್ತಭಕ್ತ. ಆತ ತನ್ನ ಪೂಜೆಯನ್ನು ಮುಚ್ಚಿಟ್ಟಿದ್ದ, ಅದು ಬಯಲಾದದ್ದು ಆತನಿಗೆ ಸಂಕಟ ತಂದಿತು ಎಂದು ಪರಂಪರೆ ಹೇಳುತ್ತದೆ. ಇದಕ್ಕೆ ಸಿದ್ಧ ವ್ಯಾಖ್ಯಾನ ವಿನಯ, ಪ್ರಚಾರ ಬೇಡವೆಂಬ ಮನಸ್ಸು. ಇರಬಹುದು. ಆದರೆ ಆ ಕೇರಿಯ ಮನುಷ್ಯನೊಬ್ಬ ತನ್ನ ಗಡಿಗೆಯ ಅಂಬಲಿಯನ್ನು ಅರಸನ ದೇವರಿಗೆ ಉಣಿಸಿದ್ದೇನೆ ಎಂಬುದನ್ನು ಮುಚ್ಚಿಡಲು ವಿನಯವೊಂದೇ ಕಾರಣವಾಗಬೇಕೆ? ಊರಿಗೆ ಗೊತ್ತಾದರೆ ಏನಾಗುತ್ತದೆ ಎಂದು ಆತನಿಗೆ ಗೊತ್ತಿತ್ತು ಎಂದು ಓದಿದರೆ ಭಕ್ತಿಗೇನೂ ಕುಂದಿಲ್ಲ. ಗುಪ್ತತೆಯನ್ನು ಬರೀ ಸದ್ಗುಣ ಎಂದು ಓದುವುದು, ಮುಚ್ಚಿಡಬೇಕಾದ ಏನೂ ತಮ್ಮ ಬದುಕಿನಲ್ಲಿಲ್ಲದವರ ಓದು. ಈ ಮಾತು ಸ್ವಲ್ಪ ಬಿರುಸಾಯಿತು, ಆದರೂ ಹಿಂತೆಗೆದುಕೊಳ್ಳುವುದಿಲ್ಲ.

ಚೆನ್ನಯ್ಯನ ಹೆಸರಿನಲ್ಲಿ ಬೆರಳೆಣಿಕೆಯ ವಚನಗಳು ಸಿಕ್ಕಿವೆ. ಅವುಗಳ ಅಂಕಿತದಲ್ಲಿ ಕೈಯುಳಿ ಇದೆ, ಕತ್ತಿ ಇದೆ, ಅಡಿಗೂಂಟ ಇದೆ. ದೇವರ ಹೆಸರಿನ ಜೊತೆಗೇ ತೊಗಲು ಕೊಯ್ಯುವ, ಮೆಟ್ಟು ಹೊಲಿಯುವ ಹತಾರುಗಳು. ಅಂದರೆ ಅಂಬಲಿ ಇತರರು ಆತನ ಬಗ್ಗೆ ಹೇಳಿದ ಕಥೆ. ಉಳಿ, ಕತ್ತಿ ಆ ವಚನಗಳು ತಾವಾಗಿ ಹಿಡಿದ ಗುರುತು. ಅವುಗಳಲ್ಲಿ ಮಾತಾಡುವವನು ಕುಲ ಯಾವುದು, ನಡೆನುಡಿ ಯಾವುದು ಎಂದು ವಾದಕ್ಕೆ ನಿಲ್ಲುವವನು, ಉಣಿಸಿ ಕೈಮುಗಿದು ಮೂಲೆಯಲ್ಲಿ ನಿಂತವನಲ್ಲ. ನಮ್ಮ ಪಠ್ಯಗಳು ಕಥೆಯನ್ನು ಹಿಡಿದುಕೊಂಡು ವಚನಗಳನ್ನು ಪಕ್ಕಕ್ಕಿಟ್ಟದ್ದು ಆಕಸ್ಮಿಕವೇನಲ್ಲ. ಉಣಿಸುವ ಚೆನ್ನಯ್ಯ ಎಲ್ಲರಿಗೂ ಬೇಕು.

ಬಸವಣ್ಣ ಮಾತ್ರ ಈ ಎರಡರ ನಡುವೆ ಬೇರೊಂದು ದಾರಿ ತೆಗೆದ. ಒಂದು ವಚನದಲ್ಲಿ ಮಾದಾರ ಚೆನ್ನಯ್ಯ ತನ್ನ ಅಪ್ಪ, ಡೋಹರ ಕಕ್ಕಯ್ಯ ಬೊಪ್ಪ. ಇನ್ನೊಂದರಲ್ಲಿ ತಾನು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವ. ಇವನ್ನು ಸಮಾನತೆಯ ಘೋಷಣೆ ಎಂದು ಓದುತ್ತೇವೆ, ಸರಿಯೇ. ಆದರೆ ಮುಸುರೆಯ ಭಾಷೆಯಲ್ಲಿ ಓದಿದರೆ ಇವು ಊಟದ ವಚನಗಳು. ಶಿವ ಚೆನ್ನಯ್ಯನ ಮನೆಯಲ್ಲಿ ಉಂಡ ಎಂದರೆ ಮೇಲ್ಜಾತಿಯ ಕೇಳುಗನಿಗೆ ಒಂದು ತಪ್ಪಿಸಿಕೊಳ್ಳುವ ದಾರಿಯಿರುತ್ತದೆ: ದೇವರಿಗೆ ಯಾವ ಮೈಲಿಗೆ? ವಿಷವನ್ನೇ ಕುಡಿದವನಿಗೆ ಅಂಬಲಿ ಯಾವ ಲೆಕ್ಕ? ಮಗ ಎಂದ ಮೇಲೆ ಈ ದಾರಿ ಮುಚ್ಚುತ್ತದೆ. ಮಗ ಒಂದು ದಿನ ಬಂದು ಉಂಡು ಮಹಿಮೆ ತೋರಿಸಿ ಹೋಗುವವನಲ್ಲ. ಅವನು ಬೆಳೆಯುವುದೇ ಆ ಗಡಿಗೆಯ ಅಂಬಲಿಯಿಂದ. ಬ್ರಾಹ್ಮಣನಾಗಿ ಹುಟ್ಟಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವನು, ‘ವ್ಯಂಜನ’ದ ಶ್ಲೋಕ ಇನ್ನೂ ಹಳತಾಗದ ಅದೇ ಕಲ್ಯಾಣದಲ್ಲಿ ಕುಳಿತು, ತನ್ನ ಮೈಯ ನೆತ್ತರೇ ಆ ಮುಸುರೆಯದೆಂದು ಹೇಳಿಕೊಂಡ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯನ್ನು ಕಲ್ಯಾಣದ ಕ್ರಾಂತಿಯ ಕಿಡಿ ಎನ್ನುತ್ತೇವೆ. ಮದುವೆಗೆ ಮೊದಲು ಎಷ್ಟೋ ಗಡಿಗೆಗಳು ಬೆರೆತಿರಬೇಕು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಇಲ್ಲಿ ಬಿಡಲು ಮನಸ್ಸಾಗುವುದಿಲ್ಲ. ಗಂಡ ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಾನೆ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ಆಸೆಯ ಅಕ್ಕಿ, ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ಕಳಿಸುತ್ತಾಳೆ. ಅಪರಿಗ್ರಹದ ಪಾಠವೆಂದು ಇದನ್ನು ಓದಿಸುತ್ತಾರೆ. ನನಗೆ ಅದರಲ್ಲಿ ಕೇಳುವುದು ಅಡುಗೆ ಮಾಡುವವಳ ದನಿ: ಗಡಿಗೆಯ ಅಳತೆ ಗೊತ್ತಿರುವವಳು ಅವಳು. ಒಬ್ಬ ಜಂಗಮ ಹೆಚ್ಚಿಗೆ ಬಂದರೆ ಅಕ್ಕಿ ಹೆಚ್ಚಬೇಕಿಲ್ಲ, ನೀರು ಹೆಚ್ಚಿದರೆ ಸಾಕು ಎಂದು ಗಂಜಿ ಕಾಯಿಸಿದ ಯಾರಿಗಾದರೂ ಗೊತ್ತು. ಇದು ನನ್ನ ಊಹೆ, ಪಠ್ಯದಲ್ಲಿ ಇಲ್ಲ.

ಈಗಿನ ಮಾತಿಗೆ ಬಂದರೆ, ನಮ್ಮ ಭಾಗದಲ್ಲಿ ಅಂಬಲಿಯ ದೊಡ್ಡ ದಿನ ಎಳ್ಳ ಅಮಾಸಿ. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಹಸಿರಾಗಿರುತ್ತದೆ. ಹುಮನಾಬಾದಿನ ಸುತ್ತ ಅಂದು ಊರು ಖಾಲಿ, ಹೊಲಗಳು ಭರ್ತಿ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಕಡಬು, ಭಜ್ಜಿ, ಗಡಿಗೆಯಲ್ಲಿ ಅಂಬಲಿ. ಭಜ್ಜಿ ಎಂದರೆ ಬೆಂಗಳೂರಿನವರ ಬಜ್ಜಿಯಲ್ಲ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಬದನೆ, ಗಜ್ಜರಿ, ಮೆಂತ್ಯೆ, ಸಿಕ್ಕ ಸೊಪ್ಪೆಲ್ಲ ಒಂದೇ ಪಾತ್ರೆಯಲ್ಲಿ ಬೆಂದು, ಹುಣಸೆಹುಳಿ, ಕಡಲೆಹಿಟ್ಟು ಕೂಡಿಕೊಂಡು ದಪ್ಪಗಾಗುವ ಪದಾರ್ಥ. ಗಡಿಯಾಚೆ ಲಾತೂರಿನಲ್ಲೂ ಅದೇ ಹಬ್ಬ, ಅದೇ ಭಜ್ಜಿ, ಅದೇ ಆಂಬೀಲ. ಇಟಲಿಯವರ ಮಿನೆಸ್ಟ್ರೋನೆ ಉಂಡವರು ಇದನ್ನು ಒಂದು ಸಲ ಉಣ್ಣಬೇಕು. ಯಾವುದು ಹೆಚ್ಚು ರುಚಿ ಎಂದು ನನ್ನನ್ನು ಕೇಳಬೇಡಿ, ನಾನು ಪಕ್ಷಪಾತಿ.

ಈ ಹಬ್ಬದ ಬಗ್ಗೆ ಪ್ರತಿವರ್ಷ ಬರುವ ಬರಹಗಳು ಹೇಳುವುದೂ ಕಲ್ಲಿನ ಸೂಪಿನ ಕಥೆಯನ್ನೇ: ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಉಣಿಸುತ್ತಾರೆ, ಹೊಲಕ್ಕೆ ಬಂದವರು ಹಸಿದು ಹೋಗಬಾರದು. ಸುಳ್ಳಲ್ಲ. ಕರೆಯುತ್ತಾರೆ, ಒತ್ತಾಯ ಮಾಡಿ ಉಣಿಸುತ್ತಾರೆ, ‘ಇನ್ನೊಂದ್ ಲೋಟ ಅಂಬಲಿ ಕುಡೀರಿ’ ಎಂದು ಬಿಡದೆ ಸುರಿಯುತ್ತಾರೆ. ಆದರೆ ಸುರಿಯುವುದು ಯಾವಾಗಲೂ ಹೊಲದ ಒಡೆಯರ ಗಡಿಗೆಯಿಂದ. ವರ್ಷವಿಡೀ ಆ ಹೊಲದಲ್ಲಿ ಕಳೆ ತೆಗೆದವರೂ ಅಂದು ಬರುತ್ತಾರೆ, ಉಣ್ಣುತ್ತಾರೆ, ಈಗ ಬಹಳ ಕಡೆ ಅದೇ ಸಾಲಿನಲ್ಲಿ ಕುಳಿತೇ ಉಣ್ಣುತ್ತಾರೆ. ಮೂವತ್ತು ವರ್ಷದ ಹಿಂದೆ ಹೀಗಿರಲಿಲ್ಲ ಎಂದು ನಮ್ಮ ಹಿರಿಯರೇ ಹೇಳುತ್ತಾರೆ. ಅವರ ಮನೆಯಲ್ಲೂ ಅಂದು ಅಂಬಲಿ ಕಾಯಿಸಿರುತ್ತಾರೆ. ಅದು ಅವರ ಮನೆಯಲ್ಲಿಯೇ ಇರುತ್ತದೆ. ಆ ಗಡಿಗೆಯನ್ನು ಹೊಲಕ್ಕೆ ತಂದು ಒಡೆಯರ ಲೋಟಕ್ಕೆ ಸುರಿದದ್ದನ್ನು ನಾನಂತೂ ನೋಡಿಲ್ಲ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಹೊಲದಲ್ಲಿ, ಉಂಡು ಕೈತೊಳೆದ ಹೆಣ್ಣುಮಗಳೊಬ್ಬಳು, ‘ಅಕ್ಕಾರೆ, ನಮ್ಮನಿ ಅಂಬ್ಲಿಗೆ ಬಳ್ಳೊಳ್ಳಿ ಜಾಸ್ತಿ ಹಾಕ್ತೀವ್ರಿ, ಇದಕಿಂತ ಖಮಂಗ ಆಗ್ತದ್ರಿ’ ಎಂದಳು. ಎಲ್ಲರೂ ನಕ್ಕರು. ‘ಹೌದೇನು? ಹೆಂಗ್ ಮಾಡ್ತೀರಿ ಹೇಳು’ ಎಂದು ವಿಧಾನ ಕೇಳಿದರು. ಅವಳು ಬಿಡಿಸಿ ಹೇಳಿದಳು, ಎಷ್ಟು ಎಸಳು, ಯಾವಾಗ ಜಜ್ಜಬೇಕು, ಎಲ್ಲವನ್ನೂ. ಕೇಳಿದವರಲ್ಲಿ ಒಬ್ಬರು ಅದನ್ನು ಮೊಬೈಲಿನಲ್ಲಿ ಬರೆದುಕೊಂಡರು.